ಬಾಗಿಲಿಗೆ ಅರ್ಧ ಅಂಕ

ಎಲ್ ಆಲ್ಟೋದ ನಮ್ಮ ರಾತ್ರಿಶಾಲೆಗೆ ಇರುವುದು
ಒಂದೇ ಸೂಕ್ಷ್ಮದರ್ಶಕ. ಅದರ ಮಸೂರಕ್ಕೊಂದು ಗೀರು.
ಯಾವ ಜೀವವನ್ನಿಟ್ಟರೂ ನಡುವೆ ಒಂದು ಕೂದಲೆಳೆ.
ಅದನ್ನು ಬಿಟ್ಟು ಚಿತ್ರ ಬರೆಯಿರಿ ಎಂದು ಮೊದಲೇ ಹೇಳುತ್ತೇನೆ;
ಆದರೂ ವರ್ಷಕ್ಕೊಬ್ಬರಾದರೂ
ಅದಕ್ಕೂ ಹೆಸರು ಕೇಳುತ್ತಾರೆ.

ನಾಲ್ಕು ಸಾವಿರ ಮೀಟರ್ ಎತ್ತರ, ಏಳು ಗಂಟೆಯ ಚಳಿ.
ಬಸಿಲಿಯಾ ಚುಕಿಮಿಯಾ ಬಂದಳು, ವಯಸ್ಸು ಅರವತ್ತೊಂದು,
ಬೆನ್ನಿನ ಗಂಟಿನಲ್ಲಿ ಸಂತೆಯಲ್ಲಿ ಮಾರಿ ಉಳಿದ ಚುನ್ಯೊ:
ಹಿಮಕ್ಕಿಟ್ಟು, ತುಳಿದು, ಒಣಗಿಸಿದ ಆಲೂಗಡ್ಡೆ,
ಕಲ್ಲೆಂದರೂ ಸಲ್ಲುವುದು.

ಮೊದಲು ಹಸಿಯದು. ತೆಳ್ಳನೆ ಚೂರು, ಅಯೋಡಿನ್ ಒಂದು ಹನಿ.
ಅವಳು ಟೋಪಿ ತೆಗೆದು ಮೇಜಿನ ಮೇಲಿಟ್ಟು
ಒಂದು ಕಣ್ಣು ಮುಚ್ಚಿದಳು. ಮುಚ್ಚಿದ್ದು, ನೋಡಬೇಕಾದ ಕಣ್ಣು.
ಇನ್ನೊಂದು, ಎಂದೆ. ಎಲ್ಲರೂ ನಕ್ಕರು, ಅವಳೂ.
"ಇಟ್ಟಿಗೆ," ಎಂದಳು ಆಮೇಲೆ,
"ಗಾರೆ ಮೆತ್ತದ ಗೋಡೆಗಳು, ನಮ್ಮ ಬೀದಿಯ ಹಾಗೇ.
ಒಳಗೆ ಯಾರೋ ನೀಲಿ ಮೂಟೆ ಪೇರಿಸಿದ್ದಾರೆ."

ಪಿಷ್ಟ, ಎಂದೆ. ನಾಳೆಗೆಂದು ಕಟ್ಟಿಟ್ಟ ಬುತ್ತಿ.
ಗೋಡೆಗೆ ಒತ್ತಿಕೊಂಡು ಒಳಗೊಂದು ಪೊರೆಯಿದೆ,
ಈ ಯಂತ್ರಕ್ಕೆ ಕಾಣದು, ನಂಬಬೇಕು.

ಎರಡನೆಯ ಗಾಜಿನಲ್ಲಿ ಅವಳದೇ ಚುನ್ಯೊ, ರಾತ್ರಿ ನೆನೆಸಿದ್ದು.
ಗೋಡೆ ಇದೆ, ಅಷ್ಟಿಷ್ಟು ಸೊಟ್ಟ. ಬುತ್ತಿಯೂ ಇದೆ.
ಪೊರೆ ಹರಿದಿದೆ:
ಜೂನ್ ತಿಂಗಳ ಹಿಮ ಒಳಗಿನ ನೀರನ್ನೇ ಚೂರಿ ಮಾಡಿ
ಇರಿದಿದೆ.
"ಆಮೇಲೆ ನಾನು," ಎಂದಳು, ಪಾದ ನೋಡಿಕೊಳ್ಳುತ್ತ,
"ಬೆಳಗಿನ ಬಿಸಿಲಿಗೆ ತುಳಿಯುತ್ತೇನೆ.
ನೀರು ಬೆರಳ ಸಂದಿಯಲ್ಲಿ ಬರುತ್ತದೆ.
ನಲವತ್ತು ವರ್ಷ. ಎಷ್ಟು ಮನೆ ತುಳಿದೆನೋ."
ಲೆಕ್ಕ ಹಾಕಹೊರಟೆ. ಬಿಟ್ಟೆ.

ಮುಂದಿನ ವಾರ ರಕ್ತ.
ಕೆಂಪುಕಣಕ್ಕೆ ಕೇಂದ್ರವಿಲ್ಲ ಎಂದೆ.
ಹೊರೆಗೆ ಜಾಗ ಸಾಲದೆಂದು ತಲೆಯನ್ನೇ ಕಳಚಿಟ್ಟು ಬಂದ ಹಮಾಲಿ.
ಗಾಳಿ ತೆಳುವಾದ ನಮ್ಮೂರಲ್ಲಿ ಇವರ ಸಂಖ್ಯೆ ಹೆಚ್ಚು.
ನೂರಿಪ್ಪತ್ತು ದಿನ ದುಡಿತ; ಮಕ್ಕಳಿಲ್ಲ, ಮರಿಯಿಲ್ಲ.
"ಪಿಂಚಣಿ?" ಎಂದ ರುಫೀನೊ ಅಹಾಟಾ ಹಿಂದಿನ ಬೆಂಚಿನಿಂದ,
ತವರದ ಗಣಿ ಮುಚ್ಚಿದಾಗ ಹದಿನೇಳರ ಹುಡುಗ,
ಈಗ ತೂಗುರೈಲಿನ ನಿಲ್ದಾಣ ಗುಡಿಸುತ್ತಾನೆ.
ಗುಲ್ಮದಲ್ಲಿ ಒಡೆಯುತ್ತಾರೆ, ಎಂದೆ.
ಕಬ್ಬಿಣವನ್ನಷ್ಟೇ ವಾಪಸು ತೆಗೆದುಕೊಳ್ಳುತ್ತಾರೆ.
"ಗೊತ್ತಿತ್ತು," ಎಂದ.

ವಿಸರಣಕ್ಕೆ ನಾನು ತಯಾರಿ ಮಾಡಿರಲಿಲ್ಲ.
ಬಸಿಲಿಯಾ ಕೆಟಲಿನ ಮುಚ್ಚಳ ತೆರೆದಳು:
ನೇರಳೆ ಜೋಳದ ಬಿಸಿ ಆಪಿ, ಲವಂಗ, ದಾಲ್ಚಿನ್ನಿ.
ಮೊದಲ ಬೆಂಚು ತಲೆಯೆತ್ತಿತು. ನಂತರ ಎರಡನೆಯದು.
ಕೊನೆಗೆ ರುಫೀನೊ.
ಅದೇ, ಅದೇ! ಎಂದು ಕೂಗಿದೆ, ಸೀಮೆಸುಣ್ಣ ಮುರಿಯಿತು.
ದಟ್ಟಣೆ ಇದ್ದಲ್ಲಿಂದ ವಿರಳ ಇರುವಲ್ಲಿಗೆ.
"ತಳ್ಳುವವರು ಯಾರು?"
ಯಾರೂ ಇಲ್ಲ. ಒಂದೊಂದು ಕಣವೂ ದಿಕ್ಕೆಟ್ಟು ಅಲೆಯುತ್ತದೆ,
ಒಟ್ಟಿನಲ್ಲಿ ನೋಡಿದರೆ ಹರಡಿರುತ್ತದೆ.
ಎಂಬತ್ತಾರರಲ್ಲಿ ಗಣಿಯೂರಿನಿಂದ ನೀವೆಲ್ಲ
ಈ ಬಯಲಿಗೆ ಬಂದಿರಲ್ಲ, ಹಾಗೆ...
ಎಂದುಬಿಟ್ಟೆ. ಉಪಮೆ ಚೆನ್ನಾಗಿದೆ ಎನಿಸಿತ್ತು.

ರುಫೀನೊ ಕಪ್ಪು ಕೆಳಗಿಟ್ಟ.
"ಇಲ್ಲ, ಮೇಡಂ. ನಮ್ಮನ್ನು ತಳ್ಳಿದರು.
ಕಾಗದವಿತ್ತು. ಸಹಿ ಇತ್ತು."

ಹಲಗೆಯ ಮೇಲಿನ ಬಾಣವನ್ನು ಅಳಿಸಿದೆ,
ಅರ್ಧ ಅಳಿಸಿತು. ಬಟ್ಟೆ ಒದ್ದೆಯಾಗಿತ್ತು.

ಪರೀಕ್ಷೆಯಲ್ಲಿ ಬಸಿಲಿಯಾ ಸಸ್ಯಕೋಶ ಬರೆದಳು:
ಭಿತ್ತಿ, ಪೊರೆ, ಕೇಂದ್ರ, ನಡುವೆ ನೀರಿನ ತೊಟ್ಟಿ, ಎಲ್ಲ ಸರಿ.
ಅಡ್ಡಡ್ಡ ಒಂದು ಗೀರು, ಮಸೂರದ್ದು.
ಪೊರೆಯಲ್ಲೊಂದು ಬಾಗಿಲು, ಹೊಸ್ತಿಲ ಸಮೇತ.
ಕೇಳಿದ್ದಕ್ಕೆ, "ಬಾಗಿಲಿಲ್ಲದ ಮನೆ ನನಗೆ ಬರೆಯಲು ಬರದು."
ಅರ್ಧ ಅಂಕ ಕತ್ತರಿಸಿದೆ.

ರಾತ್ರಿ ಪಾತ್ರೆ ತೊಳೆಯುವಾಗ ನೆನಪಾಯಿತು:
ಪೊರೆಯ ತುಂಬ ಬಾಗಿಲುಗಳೇ.
ನೀರಿಗೊಂದು, ಸಕ್ಕರೆಗೊಂದು, ಉಪ್ಪಿಗೆ ಬೇರೆ, ಕಾವಲೂ ಉಂಟು.
ಓದಿದ್ದೆ, ಯಾವಾಗಲೋ.
ಒದ್ದೆ ಕೈಯಲ್ಲೇ ಉತ್ತರಪತ್ರಿಕೆ ಹುಡುಕಿ ತಿದ್ದಿದೆ;
ಕೆಂಪು ಶಾಯಿ ಕಾಗದದಲ್ಲಿ ಮೆಲ್ಲಗೆ ಹರಡಿತು.
ಹೊಸ್ತಿಲಿಗೆ ಏನು ಕೊಡುವುದು,
ಇನ್ನೂ ತೀರ್ಮಾನವಾಗಿಲ್ಲ.